ಆಚೆಮನೆ ಚಿಕ್ಕಿ ಕಂಡ ರೋಡ್ ಐಲ್ಯಾಂಡ್

ಆಚೆಮನೆ ಚಿಕ್ಕಿಯ ಕಾಲ್ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ನಿಂತಾಗಲೂ ಕೂತಾಗಲೂ ಬಿಡಿಸಿಟ್ಟ ಬೀಸಣಿಗೆಯ ಹಾಗೆ ಅಗಲಿಸಿಕೊಂಡೇ ಇರುತ್ತಿದ್ದವು. ಪಾದದ ಅಂಚಿನಲ್ಲಿ ಚಿಪ್ಪು ಕೊಯ್ದ ಹಳೆಯ ಗಾಯಗಳು ಬಿಳಿ ಗೆರೆಗಳಾಗಿ ಉಳಿದಿದ್ದವು. ಕುಮಟಾ ಪೇಟೆಯ ಚಪ್ಪಲಿ ಅಂಗಡಿಯವನು ಅವಳ ಅಳತೆಗೆ ಹೆಂಗಸರ ಚಪ್ಪಲಿ ಸಿಗದೆ ಕೊನೆಗೆ ಗಂಡಸರದನ್ನೇ ಕೊಟ್ಟು ಕಳಿಸಿದ್ದ. ಅದನ್ನೂ ಅವಳು ಬಸ್ಸು ಹತ್ತುವಾಗ ಮಾತ್ರ ಹಾಕುತ್ತಿದ್ದಳು.

ಅವಳ ಕಸುಬು ಬಳಚು ಹೆಕ್ಕುವುದು. ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ನಮ್ಮೂರಿನ ಹಿಂದೆ ಅಗಲವಾಗಿ ಹರಡಿಕೊಳ್ಳುತ್ತದೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಕೆಸರು ಕಾಣುತ್ತದೆ. ಆ ಕೆಸರಿನೊಳಗೆ ಎರಡು ಚಿಪ್ಪು ಮುಚ್ಚಿಕೊಂಡು ಕೂತಿರುವ ಜೀವವೇ ಬಳಚು. ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು ಕಾಲಿನಿಂದ ತಡಕಿ, ಸಿಕ್ಕಿದ ಕಡೆ ಬಗ್ಗಿ ತೆಗೆಯುತ್ತಾರೆ. ಚಿಕ್ಕಿ ಬಗ್ಗುವುದು ಕಡಿಮೆ. ಬೆರಳ ಸಂದಿಯಲ್ಲಿ ಹಿಡಿದು ಕಾಲನ್ನೇ ಮೇಲೆತ್ತುತ್ತಿದ್ದಳು.

ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ದಾಸವಾಳದ ಬೇಲಿ. ಸತ್ತುಹೋದ ಅಕ್ಕನ ಮಗಳನ್ನು ಅವಳು ಸಾಕಿದಳು. ಆ ಹುಡುಗಿ ಚಿಕ್ಕಿ ಎಂದು ಕರೆದದ್ದನ್ನೇ ನಾವೂ ಕರೆದೆವು, ಕ್ರಮೇಣ ಇಡೀ ಕೇರಿ ಕರೆಯಿತು. ಆ ಹುಡುಗಿ ನರ್ಸಿಂಗ್ ಕಲಿತು ಮೊದಲು ಕೊಲ್ಲಿ ದೇಶಕ್ಕೆ, ಅಲ್ಲಿಂದ ಅಮೆರಿಕದ ರೋಡ್ ಐಲ್ಯಾಂಡಿಗೆ ಹೋದಳು. ಅವಳ ಬಾಣಂತನಕ್ಕೆಂದು ಚಿಕ್ಕಿ ಹೊರಟಳು. ಹೊರಡುವ ಹಿಂದಿನ ದಿನ ಬೇಲಿಯಾಚೆ ನಿಂತು ನನ್ನ ಹತ್ತಿರ ಆಡಿದ್ದು ವಿಮಾನದ ಮಾತಲ್ಲ.

"ತಂಗಿ, ಬಳಚು ಕಂಡ್ಯಾ ಈ ವರ್ಷ? ಹುಣಸೆ ಬೀಜದಷ್ಟು ಅದೆ. ಅದ್ನೂ ಬಿಡ್ದೆ ಹೆಕ್ತ್ರು. ನಾನೂ ಹೆಕ್ತೆ. ನಾ ತಿರುಗಿ ಬರೂದ್ರೊಳಗೆ ಹೊಳೆ ಬರಿದಾಗ್ತದೆ."

ಅವಳು ಉತ್ಪ್ರೇಕ್ಷೆ ಮಾಡಲಿಲ್ಲ. ಆಗಲೇ ನಾನು ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವ ವರದಿಗಾರ್ತಿ. ಹಿನ್ನೀರಿನಲ್ಲಿ ಬಳಚು ಕಡಿಮೆಯಾಗುತ್ತಿದೆ ಎಂದು ಒಮ್ಮೆ ಬರೆದಿದ್ದೆ. ಮರಳು ತೆಗೆಯುವುದು, ಚಿಪ್ಪು ಗೋರುವುದು, ಹೊಳೆಯ ನೀರಿನ ಬದಲಾವಣೆ ಎಂದು ಕಾರಣಗಳನ್ನೂ ಕೊಟ್ಟಿದ್ದೆ. ಕೇರಿಯಲ್ಲಿ ಅದನ್ನು ಓದಿದವರಿರಲಿಲ್ಲ.

ಆರು ತಿಂಗಳು ಕಳೆದು ಚಿಕ್ಕಿ ಬಂದಳು. ಸಂಜೆ ಅವಳ ಜಗುಲಿ ತುಂಬಿತು. ಒಂದು ರಾಜ್ಯದ ಭೂಗೋಳವನ್ನೂ ವ್ಯವಹಾರವನ್ನೂ ನಾನು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು.

"ಅಮೆರಿಕ ಅಂದ್ರೆ ದೊಡ್ಡದು ಅಂತ್ರಲ್ಲ, ಇರ್ಬಹುದು. ನಾ ಇದ್ದ ರಾಜ್ಯ ಸಣ್ಣದು. ಅಲ್ಲಿ ಎಲ್ಲಕ್ಕಿಂತ ಸಣ್ಣದು ಅದೇ. ಕುಮಟಾದಿಂದ ಭಟ್ಕಳಕ್ಕೆ ಹೋದಷ್ಟು ದೂರ ಹೋದ್ರೆ ರಾಜ್ಯವೇ ಮುಗೀತದೆ. ಒಂಚೂರು ಹೆಚ್ಚು ಹಿಡ್ಕ."

"ಐಲ್ಯಾಂಡ್ ಅಂದ್ರೆ ನಡುಗಡ್ಡೆ ಅಲ್ದಾ?" ಎಂದು ನಾನು ಕೇಳಿದೆ.

"ಹೆಸರು ಹಾಂಗೆ. ನಡುಗಡ್ಡೆನೂ ಅದೆ, ಆದ್ರೆ ಹೆಚ್ಚಿಂದು ನೆಲವೇ. ನಡು ಮಧ್ಯ ಸಮುದ್ರ ಒಳಗೆ ಬಂದು ಕೂತದೆ. ನಮ್ಮ ಹೊಳೆಬಾಯಿ ಹತ್ತಿಪ್ಪತ್ತು ಪಟ್ಟು ಅಗಲ ಆದ್ರೆ ಹ್ಯಾಂಗೆ, ಹಾಂಗೆ. ಯಾವ ಬದಿಗೆ ಹೋದ್ರೂ ನೀರೇ ಕಾಣ್ತದೆ."

ಅವಳು ಆ ರಾಜ್ಯವನ್ನು ನಮ್ಮ ಮೂರು ತಾಲೂಕುಗಳ ಮೇಲೆ ಹಾಸಿ ತೋರಿಸಿದಳು. ರಾಜಧಾನಿ ಪ್ರಾವಿಡೆನ್ಸ್ ಮೇಲ್ಗಡೆ, ಕೊಲ್ಲಿಯ ತಲೆಯಲ್ಲಿ. ಅದು ಕುಮಟಾ. ಶ್ರೀಮಂತರ ಊರು ನ್ಯೂಪೋರ್ಟ್ ಹೊನ್ನಾವರ. ಅಲ್ಲಿಗೆ ಹೋಗುವ ಸೇತುವೆ ಎಷ್ಟು ಎತ್ತರವೆಂದರೆ, ಶರಾವತಿ ಸಂಕದ ಮೇಲೆ ಇನ್ನೂ ನಾಲ್ಕು ಸಂಕ ಪೇರಿಸಿದ ಹಾಗೆ, ಕೆಳಗೆ ಹಡಗು ಹೋಗುತ್ತದೆ. ಸಮುದ್ರದ ನಡುವೆ ಬ್ಲಾಕ್ ಐಲ್ಯಾಂಡ್ ಎಂಬ ಒಂದು ದ್ವೀಪ, ಅದು ಭಟ್ಕಳದ ಕಡೆಯ ನೇತ್ರಾಣಿ. ಆದರೆ ಅಲ್ಲಿ ಜನವಿದ್ದಾರೆ, ಹೋಟೆಲುಗಳಿವೆ, ಬಾಡಿಗೆ ಸೈಕಲ್ಲುಗಳಿವೆ. ಚಳಿಗಾಲದಲ್ಲಿ ಕಡಲ ದಂಡೆಯ ಮೇಲೆಯೇ ಹಿಮ ಬಿದ್ದಿತ್ತು. "ಸಾಣಿಕಟ್ಟೆಲಿ ಉಪ್ಪು ರಾಶಿ ಹಾಕ್ತ್ರಲ್ಲ, ಹಾಂಗೆ ಕಂಡ್ತು. ನಾ ನಾಲಿಗೆಗೆ ಹಾಕಿ ಕಂಡೆ. ಸಪ್ಪೆ."

ಹೇಳುವಾಗ ಅವಳಿಗೆ ಒಂದು ಕ್ರಮವಿತ್ತು. ಪ್ರತಿ ಸಂಗತಿಯ ಕೊನೆಗೆ "ಇದು ಕಂಡದ್ದು" ಅಥವಾ "ಇದು ಕೇಳಿದ್ದು" ಎನ್ನುತ್ತಿದ್ದಳು. ಬ್ಲಾಕ್ ಐಲ್ಯಾಂಡಿನಲ್ಲಿ ಕಡಲು ಕೊರೆದು ದೀಪಸ್ತಂಭ ಬೀಳುವ ಹಾಗಾದಾಗ ಇಡೀ ಕಟ್ಟಡವನ್ನು ಹಾಗೇ ಎತ್ತಿ ಹಿಂದೆ ಸರಿಸಿದರಂತೆ ಎಂದಾಗ ಜಗುಲಿಯಲ್ಲಿ ನಗು ಎದ್ದಿತು.

"ಏ ಅಮೆರಿಕಾ, ಬುರುಡೆ ಬಿಡೂಕೂ ಒಂದು ಲೆಕ್ಕ ಬೇಕು," ಎಂದವಳು ಸಂಕದ ಬದಿಯ ಮನೆಯವಳು. ಚಿಕ್ಕಿಯ ಓರಗೆಯವಳು, ಅವಳ ಜೊತೆಯಲ್ಲೇ ಹೊಳೆಗೆ ಇಳಿದು ಬೆಳೆದವಳು, ನಾಲಿಗೆ ಚೂಪು.

"ನಾ ಕೇಳಿದ್ದು ಅಂದೆ. ಕಂಡದ್ದು ಅಂದ್ನಾ? ದೀಪ ಕಂಡೆ, ಎತ್ತೂದು ಕಾಣ್ಲಿಲ್ಲ."

ಮನೆಗೆ ಹೋಗಿ ಹುಡುಕಿದೆ. ದೀಪಸ್ತಂಭವನ್ನು ಸರಿಸಿದ್ದು ನಿಜವಾಗಿತ್ತು. ವೃತ್ತಿಯಲ್ಲಿ ನನಗೆ ಹಲವರು ಪಾಠ ಹೇಳಿದ್ದಾರೆ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಇಡುವ ಅಭ್ಯಾಸ ಮಾತ್ರ ಆ ಜಗುಲಿಯಿಂದ ಬಂದದ್ದು. ಇಂದಿಗೂ ಸುದ್ದಿ ಬರೆದು ಮುಗಿಸಿದ ಮೇಲೆ ಪ್ರತಿ ವಾಕ್ಯಕ್ಕೂ ಕಂಡದ್ದೋ ಕೇಳಿದ್ದೋ ಎಂಬ ಪ್ರಶ್ನೆ ಕೇಳುತ್ತೇನೆ. ಕೆಲವು ವಾಕ್ಯಗಳು ಹೊಡೆದುಹೋಗುತ್ತವೆ.

ನ್ಯೂಪೋರ್ಟಿನ ಅರಮನೆಯಂಥ ಮನೆಗಳು ಅವಳಿಗೆ ಬಹಳ ದಿನ ತಲೆಯಲ್ಲಿ ಉಳಿದವು. ಹಿಂದಿನ ಕಾಲದ ಕೋಟ್ಯಧಿಪತಿಗಳು ಬೇಸಿಗೆಯ ಕೆಲವೇ ವಾರ ಇರಲೆಂದು ಕಡಲ ಕಡೆ ಮುಖ ಮಾಡಿ ಕಟ್ಟಿಸಿದವು. ಈಗ ಪ್ರವಾಸಿಗರು ಟಿಕೆಟ್ ತೆಗೆದು ಒಳಗೆ ಹೋಗುತ್ತಾರೆ.

"ಬೇರೆಯವ್ರ ಅಡುಗೆಮನೆ ನೋಡುಕೆ ಸಾಲು ನಿಂತದೆ ಮಾರಾಯ್ತಿ! ಅಮೃತಶಿಲೆ, ಚಿನ್ನದ ಬಣ್ಣ, ಎಂತ ಕೇಳ್ತೆ. ಮನುಷ್ಯರು ಮಾತ್ರ ಇಲ್ಲ. ಭಟ್ಕಳದಲ್ಲಿ ಕೊಲ್ಲಿಗೆ ಹೋದವ್ರು ದೊಡ್ಡ ಮನೆ ಕಟ್ಟಿ ಬೀಗ ಹಾಕಿಟ್ಟಿದ್ರಲ್ಲ, ಹಾಂಗೇ. ಆದ್ರೆ ಭಟ್ಕಳದವ್ರು ರಜೆಗೆ ಬತ್ರು, ಬೀಗ ತೆಗೀತ್ರು, ಮಕ್ಕಳ ಗಲಾಟೆ ಆಗ್ತದೆ. ಅಲ್ಲಿ ಯಾರೂ ಬರೂದಿಲ್ಲ. ಟಿಕೆಟಿನವ್ರೇ."

ಊರಿನ ದುಡಿಮೆಯ ವಿಷಯವನ್ನೂ ಅವಳು ಗಮನಿಸಿದ್ದಳು. ಪ್ರಾವಿಡೆನ್ಸಿನಲ್ಲಿ ಒಂದು ಕಾಲಕ್ಕೆ ಬಳೆ, ಸರ, ಓಲೆಗಳ ಕಾರ್ಖಾನೆಗಳು ತುಂಬಿದ್ದವಂತೆ. ಅದರ ಮೇಲಿನ ಊರಿನಲ್ಲಿ ಹೊಳೆಯ ನೀರಿನಿಂದ ಚಕ್ರ ತಿರುಗಿಸಿ ಹತ್ತಿ ನೂಲುವ ಗಿರಣಿ ಆ ದೇಶದಲ್ಲೇ ಮೊದಲು ಶುರುವಾದದ್ದಂತೆ. ಕಾರ್ಖಾನೆಗಳು ಮುಚ್ಚಿವೆ. ಉದ್ದನೆಯ ಇಟ್ಟಿಗೆ ಕಟ್ಟಡಗಳಲ್ಲಿ ಈಗ ಜನ ಬಾಡಿಗೆಗಿದ್ದಾರೆ. ದೊಡ್ಡ ಕೆಲಸ ಕೊಡುವುದು ಆಸ್ಪತ್ರೆ, ಕಾಲೇಜು, ಪ್ರವಾಸಿಗರು. "ನಮ್ಮ ಹುಡುಗಿಗೆ ಅನ್ನ ಹುಟ್ಟೂದು ಆಸ್ಪತ್ರೆಲಿ. ಬೇಸಿಗೆ ಸಂಜೆ ಊರ ನಡುವಿನ ಹೊಳೆಯೊಳಗೆ ಕಬ್ಬಿಣದ ಬುಟ್ಟಿಲಿ ಸೌದೆ ಹಾಕಿ ಬೆಂಕಿ ಹಚ್ತ್ರು. ಸಾಲಾಗಿ ನೀರ ಮೇಲೇ ಉರೀತದೆ. ಅದ್ನ ನೋಡುಕೆ ಎಲ್ಲೆಲ್ಲಿಂದಲೋ ಜನ. ಇದು ಕಂಡದ್ದು."

ಮೀನುಗಾರಿಕೆ ಬಂದರಿಗೂ ಹೋಗಿದ್ದಳು. ಭಟ್ಕಳ ಬಂದರಿನ ವಾಸನೆಯೇ, ಅದೇ ಹಕ್ಕಿಗಳ ಜಗಳವೇ. ಅಲ್ಲಿ ಬೊಂಡಾಸು, ಅಂದರೆ ಸ್ಕ್ವಿಡ್, ರಾಶಿ ರಾಶಿ ಬರುತ್ತದೆ, ಉಂಗುರ ಮಾಡಿ ಕರಿದು ಹೋಟೆಲಿನಲ್ಲಿ ಕೊಡುತ್ತಾರೆ. ಬಳಚಿನ ಸಾರೂ ಇದೆ, ತೆಂಗಿನಕಾಯಿ ಇಲ್ಲದ್ದು. "ಕಾಯಿಲೆ ಬಿದ್ದವ್ರಿಗೆ ಕೊಡೂದು ಅಂತ ಎಣಿಸಿದ್ದೆ. ಎಲ್ಲರೂ ಅದ್ನೇ ಉಂತ್ರು."

ಆಮೇಲೆ ಅವಳು ಆ ಘಟನೆಯನ್ನು ಹೇಳಿದಳು. ಅದನ್ನು ನಾನು ಅವಳ ಬಾಯಿಂದ ಹಲವು ಸಲ ಕೇಳಿದ್ದೇನೆ. ಅಕ್ಕನ ಮಗಳೂ ಹಾಗೇ ಹೇಳಿದಳು, ಹಾಗಾಗಿ ಬರೆಯಬಹುದು.

ಒಂದು ರಜೆಯ ದಿನ ಅವರು ಕೊಲ್ಲಿಯ ದಂಡೆಗೆ ಹೋಗಿದ್ದರು. ಮಗುವಿನೊಂದಿಗೆ ಹುಡುಗಿ ನೆರಳಿನಲ್ಲಿ ಕೂತಳು. ಚಿಕ್ಕಿ ಕಾಲು ತೊಳೆದು ಬರುತ್ತೇನೆಂದು ಹೋದಳು. ಇಳಿತ. ಪಾದ ಕೆಸರಿಗೆ ತಾಗಿದ ಕೂಡಲೇ ಬೆರಳಿಗೆ ಚಿಪ್ಪು ಸಿಕ್ಕಿತು. ನಮ್ಮದಕ್ಕಿಂತ ದಪ್ಪ, ಒಳಗೆ ನೇರಳೆ ಬಣ್ಣ. ಅವಳು ಸೀರೆಯನ್ನು ಮೇಲೆ ಕಟ್ಟಿ ಇಳಿದೇಬಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಮಗುವಿನ ಬಟ್ಟೆಯ ಚೀಲ ತುಂಬಿತು.

ದಂಡೆಯಲ್ಲಿ ಸಮವಸ್ತ್ರದ ಒಬ್ಬ ಅಧಿಕಾರಿ ಬಂದು ನಿಂತ. ಚೀಲದ ಕಡೆ ಬೆರಳು ಮಾಡಿದ. ಸೊಂಟದಿಂದ ಒಂದು ಲೋಹದ ಬಳೆಯಂಥದ್ದನ್ನು ತೆಗೆದು ಒಂದೊಂದೇ ಚಿಪ್ಪನ್ನು ಅದರೊಳಗೆ ತೂರಿಸಿ ನೋಡತೊಡಗಿದ. ತೂರಿದ್ದು ಒಂದು ಕಡೆ, ತೂರದ್ದು ಇನ್ನೊಂದು ಕಡೆ. ಚಿಕ್ಕಿ ಅವನನ್ನು ಗಿರಾಕಿ ಎಂದುಕೊಂಡಳು. ಪೇಟೆಯಲ್ಲಿ ಅವಳಿಗೆ ಸಿಟ್ಟು ಬರುತ್ತಿದ್ದದ್ದು ರಾಶಿ ಕೆದಕಿ ದೊಡ್ಡದನ್ನೇ ಆರಿಸುವ ಗಿರಾಕಿಗಳ ಮೇಲೆ. ಅವನ ಕೈ ಹಿಡಿದು ಗದರಿಸಿದಳು.

"ಹೆಕ್ಕಿ ಹೆಕ್ಕಿ ತಕಂಬುದಾದ್ರೆ ಬೇಡ! ತಕಂಡ್ರೆ ಪೂರಾ ತಕ. ದೊಡ್ಡದು ನೀ ಒಯ್ದ್ರೆ ಸಣ್ಣದ್ನ ನಾ ಎಂತ ಮಾಡ್ಲಿ?"

ಹುಡುಗಿ ಮಗುವನ್ನೆತ್ತಿಕೊಂಡು ಓಡಿ ಬಂದಳು. ವಿಷಯ ಗೊತ್ತಾಯಿತು. ಹೊರಗಿನಿಂದ ಬಂದವರು ಪರವಾನಗಿ ಇಲ್ಲದೆ ಬಳಚು ತೆಗೆಯುವ ಹಾಗಿಲ್ಲ. ಪರವಾನಗಿ ಇದ್ದರೂ ಬಳೆಯೊಳಗೆ ತೂರುವಷ್ಟು ಸಣ್ಣದನ್ನು ಒಯ್ಯುವ ಹಾಗಿಲ್ಲ. ಮಳೆ ಬಂದು ಕೊಳೆ ನೀರು ಸೇರಿದರೆ ಕೆಲವು ಕಡೆ ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಬಹಳ ಕಾಲ ಮುಚ್ಚಿಟ್ಟಿದ್ದ ಒಂದು ಭಾಗವನ್ನು ನೀರು ಸರಿಯಾದ ಮೇಲೆ ಮತ್ತೆ ತೆರೆದರಂತೆ. ಅಧಿಕಾರಿ ದಂಡ ಹಾಕಲಿಲ್ಲ. ಎಲ್ಲವನ್ನೂ ತಿರುಗಿ ನೀರಿಗೆ ಹಾಕಿ ಎಂದನಷ್ಟೆ. ಅವನೂ ಬೂಟು ಕಳಚಿ ಇಳಿದು ಅವಳೊಂದಿಗೆ ಹಾಕಿದ.

"ಹೆಕ್ಕಿದ್ದನ್ನ ತಿರುಗಿ ಹೊಳೆಗೆ ಹಾಕೂದು ನನ್ನ ಜಲ್ಮದಲ್ಲಿ ಮಾಡಿರ್ಲಿಲ್ಲ," ಎಂದಳು ಚಿಕ್ಕಿ. "ಮೊದ್ಲು ನಾಚಿಕೆ ಆತು. ಆಮೇಲೆ ಒಂದು ಬಳಚು ಕಣ್ಣೆದುರೇ ಕೆಸರೊಳಗೆ ಇಳಿದು ಹೋತು. ಮಗು ಹೊದ್ದು ಮಲಗಿದಾಂಗೆ."

ಜಗುಲಿಯವರು ಅವಳು ಅಧಿಕಾರಿಯನ್ನು ಗದರಿಸಿದ್ದಕ್ಕೆ ನಕ್ಕು ನಕ್ಕು ಎದ್ದು ಹೋದರು. ಚಿಕ್ಕಿ ನಗಲಿಲ್ಲ.

ಮುಂದಿನ ಇಳಿತಕ್ಕೆ ಅವಳು ಹೊಳೆಗೆ ಬಂದಾಗ ಕೈಯಲ್ಲಿ ಒಂದು ಮಗುವಿನ ಬಳೆ ಇತ್ತು. ಅಕ್ಕನ ಮಗಳು ಕೂಸಾಗಿದ್ದಾಗ ತೊಟ್ಟದ್ದು. ಇದರೊಳಗೆ ತೂರುವ ಬಳಚನ್ನು ಹೆಕ್ಕುವುದು ಬೇಡ, ದೊಡ್ಡದಾಗಲು ಬಿಡೋಣ ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ನಾ ಬಿಟ್ರೆ ಆಚೆ ದಂಡೆಯವ್ರು ಹೆಕ್ತ್ರು," ಎಂದಳು ಸಂಕದ ಬದಿಯವಳು. "ನಿಂಗೆ ಡಾಲರು ಬತ್ತದೆ, ನೀ ಬಿಡು. ನಮ್ಮನೆ ಒಲೆ ಮೇಲೆ ಎಂತ ಇಡೂದು?"

ಅದು ನಿಜವಾದ ಪ್ರಶ್ನೆ. ಚಿಕ್ಕಿ ತನ್ನ ಮನೆಯ ಹಿಂದೆ ನೀರಂಚಿನ ಕಾಂಡ್ಲ ಗಿಡಗಳವರೆಗಿನ ತುಂಡು ಜಾಗದಲ್ಲಿ ಯಾರೂ ಹೆಕ್ಕಬೇಡಿ ಎಂದು ಕೇಳಿಕೊಂಡಳು, ಕೋಲು ನೆಟ್ಟಳು. ಕೆಲವು ವಾರ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಅಲ್ಲಿಯ ಕೆಸರೆಲ್ಲ ಕದಡಿತ್ತು. ನಾನು ಬೇಲಿಯಿಂದಾಚೆ ಓಡಿಹೋದೆ. ಅವಳು ಹೆಜ್ಜೆಗಳನ್ನು ನೋಡುತ್ತ ನಿಂತಿದ್ದಳು.

"ಯಾರು ಚಿಕ್ಕಿ? ಹೇಳು, ಬರೀತೆ."

"ಹೆಜ್ಜೆ ಯಾರದ್ದು ಅಂತ ನಂಗೆ ಗೊತ್ತದೆ. ಹೇಳಿದ್ರೆ ನಾಳೆಯಿಂದ ನಾ ಒಬ್ಳೇ ಹೊಳೆಗೆ ಇಳೀಬೇಕು. ನೀ ಒಳಗೆ ಹೋಗು, ಚಾ ತಣೀತದೆ."

ಆಮೇಲೆ ಅವಳು ಬೇರೆ ದಾರಿ ಹಿಡಿದಳು. ಹೊನ್ನಾವರದಿಂದ ಟೆಂಪೋದಲ್ಲಿ ಬರುವ ವ್ಯಾಪಾರಿಯೊಬ್ಬ ಹೆಂಗಸರಿಂದ ದೊಡ್ಡದು ಸಣ್ಣದು ಕಲಸಿದ ರಾಶಿಯನ್ನು ಕಡಿಮೆಗೆ ಒಯ್ಯುತ್ತಿದ್ದ. ಹೋಟೆಲಿನವರಿಗೆ ಬೇಕಾದದ್ದು ದೊಡ್ಡದು. ದೊಡ್ಡದು ಸಣ್ಣದು ಬೇರೆ ಬೇರೆ ಬಿಡಿಸಿ ಕೊಟ್ಟರೆ ಹೆಚ್ಚು ಕೊಡುತ್ತಾನೆಂದು ಎಲ್ಲರಿಗೂ ಗೊತ್ತು. ಆದರೆ ಹೊತ್ತಿಲ್ಲ. ಹೊಳೆಯಿಂದ ಬಂದವರಿಗೆ ಮನೆ, ಮಕ್ಕಳು, ಒಲೆ. ಚಿಕ್ಕಿ ದಂಡೆಯ ಕಲ್ಲಿನ ಮೇಲೆ ಕೂತು ಹೇಳಿದಳು, "ತನ್ನಿ, ನಾ ಬಿಡಿಸಿ ಕೊಡ್ತೆ. ಕೂಲಿ ಎಂತ ಬೇಡ. ಸಣ್ಣದು ನಂಗೆ ಬಿಡಿ."

ಯಾರೂ ಬೇಡವೆನ್ನಲಿಲ್ಲ. ಬಳೆಯೊಳಗೆ ತೂರಿದ್ದೆಲ್ಲ ಅವಳ ಬುಟ್ಟಿಗೆ. ಮೇಲೆ ಒದ್ದೆ ಗೋಣಿ. ಬಾತುಕೋಳಿ ಸಾಕಿದ್ದಾಳೆ ಎಂದರು. ಅಮೆರಿಕಕ್ಕೆ ಒಣಗಿಸಿ ಕಳಿಸುತ್ತಾಳೆ ಎಂದೂ ಅಂದರು. ಭರತ ಏರುವ ಮೊದಲು ಅವಳು ಬುಟ್ಟಿ ಹೊತ್ತು ಮನೆಯ ಹಿಂದಿನಿಂದ ನೀರಿಗೆ ಇಳಿಯುವುದನ್ನು ನಾನು ಬೇಲಿಯಿಂದ ನೋಡುತ್ತಿದ್ದೆ. ಒಂದು ದಿನ ಸಂಕದ ಬದಿಯವಳೂ ಹಿಂಬಾಲಿಸಿ ಬಂದು ನೋಡಿದಳು.

"ಅಯ್ಯೋ ಹಾಳಾದವ್ಳೇ! ನಾವು ಬೆನ್ನು ಮುರ್ಕಂಡು ಹೆಕ್ಕಿದ್ದನ್ನ ಹೊಳೆಗೆ ಸುರೀತ್ಯಲ್ಲೇ!"

"ಕೂಲಿ ನಂದು. ನಾ ತಿಂತೆ, ಸುರೀತೆ. ನಿಂಗೆಂತ?"

"ಹುಚ್ಚು ಹಿಡಿದದೆ ನಿಂಗೆ."

"ಹಿಡೀಲಿ. ನಾಳೆ ನಿನ್ನ ಬುಟ್ಟಿ ಬಿಡಿಸೂದಾ ಬೇಡ್ವಾ?"

ಮರುದಿನ ಸಂಕದ ಬದಿಯವಳ ಬುಟ್ಟಿ ಎಲ್ಲರಿಗಿಂತ ಮೊದಲು ಕಲ್ಲಿನ ಹತ್ತಿರ ಬಂತು.

ಇದು ಒಳ್ಳೆಯ ಸುದ್ದಿಯಾಗುತ್ತದೆ ಎಂದು ನನಗೆ ಅನಿಸಿತ್ತು. ಚಿಕ್ಕಿ ಒಪ್ಪಲಿಲ್ಲ. "ಬಳಚು ಹೆಚ್ಚಾತು ಅಂತ ಬರೀತೆ ನೀನು. ಹೆಚ್ಚಾದ್ದು ನೀ ಕಂಡ್ಯಾ? ಇನ್ನೂ ಎರಡು ಮಳೆಗಾಲ ಹೋಗ್ಲಿ." ಹೆಚ್ಚಾಯಿತೋ ಇಲ್ಲವೋ ಇಂದಿಗೂ ನಾನು ಹೇಳಲಾರೆ. ಅಳೆದವರು ಯಾರೂ ಇಲ್ಲ.

ಎರಡನೆಯ ಮಳೆಗಾಲ ಮುಗಿಯುವ ಮೊದಲೇ ಅವಳ ಎದೆ ಕೈಕೊಟ್ಟಿತು. ಕುಮಟಾದ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ಕಿಟಕಿಯ ಬೆಳಕು ನೋಡಿ, "ಈಗ ಇಳಿತ ಅಲ್ದಾ?" ಎಂದಳು. ಹೌದೆಂದೆ.

"ಬಿಡಿಸುಕೆ ಯಾರು ಕೂತ್ರು?"

"ಗೊತ್ತಿಲ್ಲ ಚಿಕ್ಕಿ."

"ಹೋಗಿ ಕಂಡು ಬಾ."

ಹೋದೆ. ಕಲ್ಲಿನ ಮೇಲೆ ಯಾರೂ ಇರಲಿಲ್ಲ. ವ್ಯಾಪಾರಿ ಕಲಸಿದ ರಾಶಿಗಳನ್ನೇ ಟೆಂಪೋಗೆ ಸುರಿದುಕೊಳ್ಳುತ್ತಿದ್ದ. ತಿರುಗಿ ಬರುವ ದಾರಿಯಲ್ಲಿ ಬೇರೆ ಏನಾದರೂ ಹೇಳಬಹುದೇ ಎಂದು ಯೋಚಿಸಿದೆ. ಅವಳ ಮುಂದೆ ಅದು ನಡೆಯುವ ಹಾಗಿರಲಿಲ್ಲ.

"ಯಾರೂ ಕೂರ್ಲಿಲ್ಲ ಚಿಕ್ಕಿ."

"ಆತು," ಎಂದಳು. ನನ್ನ ಕೈಯನ್ನು ಒಮ್ಮೆ ತಟ್ಟಿದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಬೆಳಿಗ್ಗೆ ಹೋದಳು.

ಅಕ್ಕನ ಮಗಳು ಬಂದು ಕ್ರಿಯೆ ಮುಗಿಸಿದಳು. ಅಲ್ಲಿಯವರೆಗೆ ಕೇರಿಯ ಹೆಂಗಸರು ಹೊಳೆಗೆ ಇಳಿಯಲಿಲ್ಲ. ಮತ್ತೆ ಇಳಿದ ದಿನ ಆ ಹುಡುಗಿಯೂ ನಾನೂ ದಂಡೆಗೆ ಹೋಗಿದ್ದೆವು. ರಾಶಿಗಳು ಬಂದು ಬಿದ್ದವು. ವ್ಯಾಪಾರಿ ಟೆಂಪೋದ ಹಿಂಬಾಗಿಲು ತೆಗೆದು ಬಂದ. ಸಂಕದ ಬದಿಯವಳು ತನ್ನ ಬುಟ್ಟಿಯನ್ನು ಹಿಡಿದುಕೊಂಡೇ ನಿಂತಿದ್ದಳು.

"ಸುರೀರಿ ಅಮ್ಮ, ಹೊತ್ತಾತು," ಎಂದ ಅವನು.

"ನಿಲ್ಲಾ. ಬಿಡಿಸಿ ಆಗ್ಲಿಲ್ಲ."

ಅವಳು ಕಲ್ಲಿನ ಮೇಲೆ ಕೂತಳು. ಬಳೆ ಇರಲಿಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಕುಕ್ಕರಗಾಲಿನಲ್ಲಿ ಕೂತರು. ವ್ಯಾಪಾರಿ ಬೀಡಿ ಹಚ್ಚಿದ. ಬಿಡಿಸಿ ಮುಗಿದಾಗ ಸಣ್ಣ ಬಳಚುಗಳ ಒಂದು ಬುಟ್ಟಿ ಉಳಿಯಿತು. ಯಾರೂ ಅದನ್ನು ಮುಟ್ಟಲಿಲ್ಲ. ಸಂಕದ ಬದಿಯವಳು ಅದನ್ನು ಎತ್ತಿ ಅಕ್ಕನ ಮಗಳ ಮುಂದೆ ಇಟ್ಟಳು.

"ನಿನ್ನ ಚಿಕ್ಕಿ ಕೂಲಿ. ತಕ."

ಹುಡುಗಿ ಪ್ಯಾಂಟು ಮಡಚಿ ಬುಟ್ಟಿಯೊಂದಿಗೆ ನೀರಿಗೆ ಇಳಿದಳು. ನಡು ಹೊಳೆಯ ಕಡೆ ನಾಲ್ಕು ಹೆಜ್ಜೆ ಹೋಗಿ ಅದನ್ನು ಬೋರಲು ಮಾಡಲು ಹೊರಟಾಗ ಹಿಂದಿನಿಂದ ಗದರಿಕೆ ಬಂತು. ಸಂಕದ ಬದಿಯವಳು ಸೀರೆ ಎತ್ತಿ ಕಟ್ಟಿಕೊಂಡು ಅವಳ ಹಿಂದೆಯೇ ಇಳಿದಿದ್ದಳು.

"ಏ ಹೆಣ್ಣೇ, ರಾಶಿ ಹಾಕಬೇಡ! ಬಿತ್ತಿದಾಂಗೆ ಹಾಕು. ಒಂದೊಂದಕ್ಕೂ ಜಾಗ ಬೇಕು."